ಯರ್ರಮ್ಮನ ಗಡ್ಡೆ ಎಲ್ಲಿಗೆ ಹೋಗಬೇಕು?

ತಳಕಿನ ಕ್ಯಾತಪ್ಪ ಬೆಳ್ಳಂಬೆಳಗ್ಗೆ ಮನೆ ಪಕ್ಕದ ಹೊಲದಲ್ಲಿ ಗುಂಡಿ ತೋಡುತ್ತಿದ್ದ. ಅವನ ಅವ್ವ ಜೋಗಮ್ಮನ ಕೈಯಲ್ಲಿ ಒಂದು ಬಾಟಲಿ. ಅದರೊಳಗೆ, ಔಷಧಿ ನೀರಿನಲ್ಲಿ ಮುಳುಗಿಸಿಟ್ಟ, ಅವನ ಹೆಂಡತಿ ಯರ್ರಮ್ಮನ ಎದೆಯಿಂದ ಹಿಂದಿನ ದಿನ ತೆಗೆದ ಗಡ್ಡೆ. ನೇರ ದಾವಣಗೆರೆಯ ಲ್ಯಾಬಿಗೆ ಕೊಡು ಎಂದು ಚಿತ್ರದುರ್ಗದ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಈ ಮಹಾನುಭಾವ ಹೆಂಡತಿಯ ಜೊತೆ ಬಾಟಲಿಯನ್ನೂ ಹಿಡಿದು ನೇರ ಊರಿನ ಬಸ್ಸು ಹತ್ತಿದ್ದ! ಮೈಯಿಂದ ಕಳಚಿದ್ದು ಸ್ವಂತ ಹೊಲದ ಮಣ್ಣನ್ನೇ ಸೇರಬೇಕು ಎಂಬುದು ಜೋಗಮ್ಮನ ಕಟ್ಟಪ್ಪಣೆ. ಅವ್ವನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ.

ಜೋಗಮ್ಮ ಮುಚ್ಚಳಕ್ಕೆ ಕೈಹಾಕಿದಳು. ಯರ್ರಮ್ಮನ ಗಾಯ ನೋಡಲು ಬಂದ ನರ್ಸಮ್ಮ ಶಶಿರೇಖಾ ಓಡಿಬಂದರು.

"ಚೆಲ್ಬ್ಯಾಡ ಅಜ್ಜಿ! ಆ ನೀರಿಲ್ದಿದ್ರೆ ಗಡ್ಡೆ ಕೊಳೀತೈತೆ."

"ಕೆಟ್ಟಿದ್ದು ಹೊರಗೆ ಬಂತಲ್ಲಮ್ಮ, ಇನ್ನೇನು ಪರೀಕ್ಷೆ?"

"ಯಾವ ಔಷಧಿ ಕೊಡ್ಬೇಕು ಅಂತ ಗೊತ್ತಾಗೋದು ಇದರಿಂದ್ಲೇ. ಹೆಂಗಸ್ರ ಮೈಯಾಗೆ ಹಾರ್ಮೋನ್ ಅಂತ ಇರ್ತೈತೆ. ಕೆಲವು ಕ್ಯಾನ್ಸರ್ ಗಡ್ಡೆಗೆ ಅದೇ ಮೇವು. ಅದನ್ನ ಹಿಡ್ಕಳ್ಳಾಕೆ ಗಡ್ಡೆಯೊಳಗೆ ಗ್ರಾಹಿಗಳಿರ್ತಾವೆ. ಗ್ರಾಹಿ ಇದ್ರೆ ಮಾತ್ರೆ ಕೊಟ್ಟು ಮೇವು ಸಿಗದಂಗೆ ಮಾಡ್ಬೌದು. ಇಲ್ದಿದ್ರೆ ಆ ಮಾತ್ರೆ ನುಂಗಿದ್ರೂ ದಂಡ, ಬೇರೆ ಔಷಧಿ ನೋಡ್ಬೇಕು."

"ಎಲ್ಲಾರ ಮೈನೂ ಒಂದೇ ಅಲ್ವೇನ್ರಿ?" ಎಂದ ಕ್ಯಾತಪ್ಪ.

"ಗ್ರಾಹಿ ಮಾಡೋ ಜೀನ್, ಅಂದ್ರೆ ಮೈಯೊಳಗಿನ ಬರಹ, ಎಲ್ಲಾರಿಗೂ ಐತೆ. ವಿಜ್ಞಾನಿಗಳು ಅದನ್ನ ಬೇರೆ ತೆಗ್ದು, ನಕಲು ಮಾಡಿ, ಓದಿಬಿಟ್ಟವ್ರೆ. ಆದ್ರೆ ಯರ್ರಮ್ಮನ ಗಡ್ಡೆಯಾಗೆ ಅದು ಕೆಲ್ಸ ಮಾಡ್ತೈತೋ ಇಲ್ವೋ ಅನ್ನೋದು ಅವರಿಗೆ ಹೆಂಗೆ ಗೊತ್ತಾಗ್ಬೇಕು? ಈ ಗಡ್ಡೆನೇ ನೋಡ್ಬೇಕು."

ಕ್ಯಾತಪ್ಪ ಗುದ್ದಲಿ ಕೆಳಗಿಟ್ಟ. ಎಂಥ ಕೆಲಸಕ್ಕೆ ಕೈಹಾಕಿದ್ದೆ ಎಂದು ಅವನಿಗೆ ನಾಚಿಕೆಯಾಯಿತು. ಜೋಗಮ್ಮ ಮಾತ್ರ ಜಗ್ಗಲಿಲ್ಲ. "ನಮ್ಮ ಮೈ ಊರಾಚೆ ಬೀಳಬಾರ್ದು."

ಬದುವಿನ ಮೇಲೆ ಕೂತಿದ್ದ ಯರ್ರಮ್ಮ ತಲೆಯೆತ್ತಿದಳು. "ಅತ್ತೆ, ಅದು ನನ್ನ ಮೈಯಿಂದ ಬಂದಿದ್ದು. ಮಣ್ಣಿಗೆ ಹಾಕಿದ್ರೆ ನಂಗೆ ಯಾವ ಔಷಧಿ ಬೇಕು ಅಂತ ಮಣ್ಣು ಹೇಳಲ್ಲ. ನಾನು ಬದುಕ್ಬೇಕು."

ಜೋಗಮ್ಮ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಬಾಟಲಿಯನ್ನು ಮಗನ ಕೈಗಿಟ್ಟಳು. "ಹೋಗಲೇ, ಬಸ್ಸು ತಪ್ಪೀತು."

ಲ್ಯಾಬಿನ ವರದಿ ಬಂತು: ಯರ್ರಮ್ಮನ ಗಡ್ಡೆಯಲ್ಲಿ ಗ್ರಾಹಿಗಳಿದ್ದವು. ಉಳಿದ ಚಿಕಿತ್ಸೆಯ ಜೊತೆಗೆ ದಿನಕ್ಕೊಂದು ಮಾತ್ರೆ ಶುರುವಾಯಿತು. ಅದನ್ನು ನೀರಿನ ಲೋಟದೊಂದಿಗೆ ತಂದುಕೊಡುವವಳು ಜೋಗಮ್ಮನೇ.

ಅಕ್ಕತಂಗಿಯರೇ, ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕರೆ ನಾಚಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಅಣ್ಣತಮ್ಮಂದಿರೇ, ತೆಗೆದ ಗಡ್ಡೆಯ ಬಾಟಲಿ ನಿಮ್ಮ ಕೈಗೆ ಕೊಟ್ಟರೆ ಮುಚ್ಚಳ ತೆಗೆಯದೆ ಅಂದೇ ಲ್ಯಾಬಿಗೆ ಮುಟ್ಟಿಸಿ. ಹಾರ್ಮೋನ್ ಗ್ರಾಹಿ ಪರೀಕ್ಷೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಮನೆಯವಳ ಜೀವದ ಮಾತಿದು, ಸಂಕೋಚ ಬೇಡ.