ಎದುರು ಮನೆಗೆ ಸಮುದ್ರದ ದಾರಿ

ಆ ಓಣಿಯ ಎಡಸಾಲಿನ ಮನೆಗಳಿಗೆ ಇಂಟರ್ನೆಟ್ ಕೊಡುವವಳು ಅಕ್ಕ, ಬಲಸಾಲಿಗೆ ಕೊಡುವವನು ತಮ್ಮ. ಅಪ್ಪ ಬಿಟ್ಟುಹೋದ ಕೇಬಲ್ ಅಂಗಡಿಯನ್ನು ಮೊದಲು ಇಬ್ಬರೂ ಕೂಡಿಯೇ ನಡೆಸುತ್ತಿದ್ದರು. ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬುದಕ್ಕೆ ಮಾತಿಗೆ ಮಾತು ಬೆಳೆದು, ಬೋರ್ಡು ಬರುವ ಮೊದಲೇ ಅಂಗಡಿ ಎರಡಾಯಿತು. ಅದಾಗಿ ಮೂರು ವರ್ಷ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದುರುಬದುರು ಮನೆ, ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ಅಮ್ಮ ತಮ್ಮನ ಮನೆಯಲ್ಲಿದ್ದಳು. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಓಣಿಯ ಕಡೆಯ ಕೋಣೆಯಲ್ಲಿ ಮಂಚ ಹಿಡಿದು ಎರಡು ತಿಂಗಳಾಗಿತ್ತು. ತಮ್ಮನ ಹೊಸ್ತಿಲು ತುಳಿಯುವುದಿಲ್ಲವೆಂದು ಅಕ್ಕನ ಹಟ. ಹಾಗಾಗಿ ತಾಯಿ ಮಗಳ ಮಾತೆಲ್ಲ ವಿಡಿಯೋ ಕಾಲಿನಲ್ಲೇ. ಹಟ ಅಂದರೆ ಹಾಗಿರಬೇಕು ನೋಡಿ!

ಆ ಸೋಮವಾರ ಬೆಳಿಗ್ಗೆ ಅಕ್ಕನಿಗೆ ಒಂದು ಪತ್ರ ಬಂತು. ಕಡಲ ತಳದ ಕೇಬಲ್ಲಿನಿಂದ ವಿದೇಶದ ಲೈನು ತಂದು ಮಾರುವ ದೊಡ್ಡ ಕಂಪನಿ ಬರೆದಿತ್ತು: ಬರುವ ಒಂದನೇ ತಾರೀಖಿನಿಂದ ದರ ಒಂದೂವರೆ ಪಟ್ಟು. ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ತಾನೂ ದರ ಏರಿಸಿದರೆ ಮನೆಗಳು ಕೈಬಿಟ್ಟು ಹೋಗುತ್ತವೆ. ಏರಿಸದಿದ್ದರೆ ಅಂಗಡಿಗೆ ಬೀಗ.

ಇಷ್ಟೊಂದು ವಿದೇಶಿ ಲೈನನ್ನು ತನ್ನ ಗಿರಾಕಿಗಳು ಯಾವುದಕ್ಕೆ ಬಳಸುತ್ತಾರೆ ಎಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ತೆಗೆದಳು. ನೋಡುತ್ತಾ ನೋಡುತ್ತಾ ಕಿವಿ ಬಿಸಿಯಾಯಿತು. ಐದರಲ್ಲಿ ಎರಡು ಪಾಲು ಹೋಗುತ್ತಿದ್ದದ್ದು ತಮ್ಮನ ಗಿರಾಕಿಗಳಿಗೇ! ಎಡಸಾಲಿನ ದರ್ಜಿ ಬಲಸಾಲಿನ ಗುಂಡಿ ಅಂಗಡಿಗೆ ಬಟ್ಟೆಯ ಫೋಟೋ ಕಳಿಸುತ್ತಾನೆ, ಈ ಕಡೆಯ ಮಕ್ಕಳು ಆ ಕಡೆಯ ಶಾಲೆಯ ಪಾಠ ನೋಡುತ್ತಾರೆ. ಅಕ್ಕ ತಮ್ಮಂದಿರ ನಡುವೆ ಒಂದು ಗೇಣು ತಂತಿಯೂ ಇಲ್ಲದ್ದರಿಂದ ಅದಷ್ಟೂ ಕಡಲು ದಾಟಿ, ಪರದೇಶ ಮುಟ್ಟಿ, ತಿರುಗಿ ಅದೇ ಓಣಿಗೆ ಬರುತ್ತಿತ್ತು.

ಅಷ್ಟರಲ್ಲಿ ಅಮ್ಮನ ಕಾಲ್ ಬಂತು. ಪರದೆಯ ಮೇಲೆ ಅವಳ ಮುಖ ಎಂದಿನಂತೆ ಬಾಯಿ ತೆರೆದಲ್ಲೇ ನಿಂತುಹೋಯಿತು. ಅದು ಸರಿಯಾಗುವವರೆಗೆ ಕಾದು, ಅಕ್ಕ ಎಲ್ಲವನ್ನೂ ಹೇಳಿದಳು.

"ಅಂದ್ರೆ ನಾನು ಕೆಮ್ಮಿದ್ದೂ ವಿದೇಶಕ್ಕೆ ಹೋಗಿ ಬರುತ್ತಾ?"

"ಹೂಂ ಅಮ್ಮ. ಅದಕ್ಕೂ ದುಡ್ಡು ಕಟ್ತೀವಿ. ಇಲ್ಲಿ ನಾನು, ಅಲ್ಲಿ ಅವನು."

"ಇಪ್ಪತ್ತು ಹೆಜ್ಜೆಗೆ? ಯಾವ ಬುದ್ಧಿವಂತರು ಕಣೇ ಹೀಗೆ ಮಾಡಿದ್ದು?"

"ನಾವೇ," ಎಂದಳು ಅಕ್ಕ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಮ್ಮನನ್ನು ಮುಟ್ಟಬೇಕೆನಿಸಿತು. ಫೋನು ಕೆಳಗಿಟ್ಟು, ಪತ್ರ ಹಿಡಿದು, ಮನಸ್ಸು ಬದಲಾಗುವ ಮೊದಲೇ ಓಣಿ ದಾಟಿದಳು.

ಬಾಗಿಲು ತೆಗೆದ ತಮ್ಮನ ಕೈಯಲ್ಲೂ ಅದೇ ಪತ್ರವಿತ್ತು.

"ನಿನಗೂ ಬಂತಾ ಅಕ್ಕ?"

"ಬಂತು ಕಣೋ. ಒಂದು ತಂತಿ ಎಳೆಯೋಣ, ನಿಮ್ಮನೆಯಿಂದ ನಮ್ಮನೆಗೆ. ಓಣಿಯದ್ದು ಓಣಿಯಲ್ಲೇ ಇರಲಿ. ಕಡಲಿನ ಲೈನು ಐದರಲ್ಲಿ ಮೂರು ಪಾಲು ಕೊಂಡರೆ ಸಾಕು, ಯಾರೂ ದರ ಏರಿಸೋದು ಬೇಡ."

"ಅದನ್ನೇ ಹೇಳೋಕೆ ಹೊರಟಿದ್ದೆ," ಎಂದ ತಮ್ಮ. ನಿಜವೋ ಬುರುಡೆಯೋ, ಅಕ್ಕ ಕೆದಕಲಿಲ್ಲ. "ಸರಿ, ಎರಡೂ ಕಡೆಯ ತಂತಿ ಸೇರೋ ಪೆಟ್ಟಿಗೆ ನನ್ನ ಅಂಗಡೀಲಿರಲಿ."

"ಯಾಕೆ, ನನ್ನ ಅಂಗಡಿಗೇನಾಗಿದೆ?"

"ನೀನು ಸಿಟ್ಟು ಬಂದಾಗ ತಂತಿ ಕಿತ್ತರೆ?"

"ನಾನು ಕೀಳೋದಾ? ಬೋರ್ಡಿನ ವಿಷಯಕ್ಕೆ ಅಂಗಡಿ ಏಣಿ ಹೊತ್ಕೊಂಡು ಹೋದೋನು ಯಾರೋ?"

ಮೂರು ವರ್ಷದ ಬಾಕಿ ಜಗಳವೆಲ್ಲ ಒಂದೇ ಉಸಿರಿನಲ್ಲಿ ಹೊರಬೀಳುವುದರಲ್ಲಿತ್ತು. ಒಳಗಿನಿಂದ ಅಮ್ಮ ಊರುಗೋಲಿನಿಂದ ಮಂಚದ ಕಾಲನ್ನು ಬಡಿದಳು.

"ಇಬ್ಬರೂ ಬನ್ನಿ ಇಲ್ಲಿ! ಪೆಟ್ಟಿಗೆ ನನ್ನ ಕೋಣೇಲಿರುತ್ತೆ, ಈ ಕಿಟಕಿ ಪಕ್ಕ. ಅದನ್ನ ಕಿತ್ತೋರಿಗೆ ಈ ಕೋಲಿನ ರುಚಿ ತೋರಿಸ್ತೀನಿ."

ಮನೆ ತಮ್ಮನದಾದರೂ ಕೋಣೆ ಅಮ್ಮನದು, ಇಬ್ಬರೂ ಹೆದರುವ ಕಾವಲು. ಇದಕ್ಕಿಂತ ಒಳ್ಳೆಯ ಏರ್ಪಾಡು ಎಲ್ಲಿ ಸಿಕ್ಕೀತು?

"ಬಾಡಿಗೆ ಎಷ್ಟಮ್ಮ?" ತಮ್ಮ ನಗುತ್ತಾ ಕೇಳಿದ.

"ಮಿಷನ್ನು ಅಂದ್ಮೇಲೆ ದಿನಾ ನೋಡ್ಕೋಬೇಕು ತಾನೇ? ದಿನಾ ಸಂಜೆ ಇಬ್ಬರೂ ಒಟ್ಟಿಗೆ ಬಂದು, ಅದರ ಧೂಳು ಒರೆಸಿ, ಸರಿಯಾಗಿದೆಯಾ ಅಂತ ನೋಡಿ ಹೋಗಬೇಕು. ಅಷ್ಟೇ ಬಾಡಿಗೆ."

ಶನಿವಾರದ ಹೊತ್ತಿಗೆ ಓಣಿಯ ಮೇಲೆ ತಂತಿ ಬಂತು. ಒಂದನೇ ತಾರೀಖು ಯಾವ ಮನೆಯ ದರವೂ ಏರಲಿಲ್ಲ. ಅಂದಿನಿಂದ ದಿನಾ ಸಂಜೆ ಅಕ್ಕ ಒರೆಸುವ ಬಟ್ಟೆ ಹಿಡಿದು ಓಣಿ ದಾಟುತ್ತಾಳೆ, ತಮ್ಮ ಮೂರು ಲೋಟ ಚಹಾ ಮಾಡಿಟ್ಟಿರುತ್ತಾನೆ. ಇಬ್ಬರೂ ಬಗ್ಗಿ, ಹುಬ್ಬು ಗಂಟಿಕ್ಕಿ, ಪೆಟ್ಟಿಗೆಯ ಹಸಿರು ದೀಪವನ್ನು ಬಹಳ ಹೊತ್ತು ಪರೀಕ್ಷಿಸುತ್ತಾರೆ. ಅಂಥ ಪೆಟ್ಟಿಗೆಯನ್ನು ವರ್ಷಕ್ಕೊಂದು ಸಲ ನೋಡಿದರೂ ಸಾಕು. ಅದು ಅಕ್ಕನಿಗೂ ಗೊತ್ತು, ತಮ್ಮನಿಗೂ ಗೊತ್ತು. ಅಮ್ಮನಿಗೆ ಮಾತ್ರ ಇಬ್ಬರೂ ಇನ್ನೂ ಹೇಳಿಲ್ಲ.