ಭಟ್ಟಿ ಆರುವ ಮುಂಚೆ

"ನಗೇ ಮುಂಡೆ! ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡ್ಕೊಂಡ್ರೆ ಯಾವನು ಬರ್ತಾನೆ ಅಂಗಡಿಗೆ?"

ಮಾಲೀಕ ನನ್ನ ಕಿವಿಯ ಹತ್ತಿರ ಬಗ್ಗಿ ಹೀಗೆ ಹೇಳಿದ. ಮರುಗಳಿಗೆ ಅದೇ ಬಾಯಲ್ಲಿ, "ಬನ್ನಿ ಮೇಡಂ, ಬನ್ನಿ ಸರ್, ಎಲ್ಲಾ ಕೈಯಲ್ಲೇ ಮಾಡಿದ್ದು" ಎಂದು ಬೆಣ್ಣೆ ಹಚ್ಚಿದ. ನಾನು ನಕ್ಕೆ. ಎದುರಿಗೆ ತಿಗರಿಯ ಮೇಲೆ ಮಣ್ಣು ತಿರುಗುತ್ತಿತ್ತು. ಮಡಕೆ ಮೇಳದಲ್ಲಿ ಮೈಕೈಗೆ ಮಣ್ಣು ಮೆತ್ತಿಕೊಂಡವರೊಬ್ಬರು ತಿಗರಿಯ ಮುಂದೆ ಕೂತಿದ್ದರೆ ಮಗ್ಗುಗಳು ಬೇಗ ಖರ್ಚಾಗುತ್ತವಂತೆ. ಪ್ರತಿ ವರ್ಷ ಅಲ್ಲಿ ಕೂರುತ್ತಿದ್ದವನು ನನ್ನ ಅಣ್ಣ; ಈ ಸಲ ನಾನು.

ಅಣ್ಣ ಮೇಳದ ಮೈದಾನದ ಹಿಂದೆಯೇ ಇರುವ ಕಾರ್ಖಾನೆಯಲ್ಲಿ, ಪ್ಯಾಕಿಂಗಿನ ಒಣಹುಲ್ಲು ತುಂಬುವ ಕೋಣೆಯಲ್ಲಿ ಮಲಗಿದ್ದ. ಅತ್ತಿಗೆ ಅವನ ಪಕ್ಕದಲ್ಲಿದ್ದಳು. ಹೊರಗಿನಿಂದ ಬೀಗ ಹಾಕಿತ್ತು.

ನಿನ್ನೆ ಮಗ್ಗು ಸುಡುವ ಭಟ್ಟಿ ಇನ್ನೂ ಆರಿರಲಿಲ್ಲ. ಹತ್ತಿರ ಹೋದರೆ ಹುಬ್ಬಿನ ಕೂದಲು ಸುಡುತ್ತಿತ್ತು. "ಇನ್ನೊಂದು ದಿನ ಬಿಡಿ ಧಣಿ" ಎಂದು ಅಣ್ಣ ಕೈಮುಗಿದ.

"ನಾಳೆ ಮೇಳ ಇಟ್ಕೊಂಡು ನಾಳಿದ್ದು ಭಟ್ಟಿ ತೆಗೀತೀಯೇನೋ ಬೇವರ್ಸಿ? ಅಂಗಡೀಲಿ ಏನು, ನಿನ್ನ ತಲೆ ಇಟ್ಟು ಮಾರ್ಲಾ? ನುಗ್ಗು ಒಳಗೆ!"

ಅಣ್ಣ ಕೈಗೆ ಒದ್ದೆ ಗೋಣಿಚೀಲ ಸುತ್ತಿಕೊಂಡು ನುಗ್ಗಿದ. ಚೀಲ ನೋಡನೋಡುತ್ತಲೇ ಕರಕಲಾಯಿತು. ಮೇಲಿನ ಕಲ್ಲುಹಲಗೆ ಜಾರಿ ಮಗ್ಗುಗಳ ಸಾಲಿಗೆ ಸಾಲೇ ಅವನ ಎದೆಯ ಮೇಲೆ ಬಿತ್ತು. ಅವನು ಬರಿಗೈಯಲ್ಲೇ ಅವನ್ನು ತಳ್ಳಿಕೊಳ್ಳುತ್ತ ಕಿರುಚಿದ. ನಾನೂ ಅತ್ತಿಗೆಯೂ ಕಾಲು ಹಿಡಿದು ಹೊರಗೆ ಎಳೆದೆವು. ಮಾಲೀಕ ಮೊದಲು ನೋಡಿದ್ದು ಎಷ್ಟು ಮಗ್ಗು ಒಡೆದಿವೆ ಎಂದು.

"ಮೇಳ ಮುಗೀಲಿ, ನಾನೇ ಆಸ್ಪತ್ರೆಗೆ ಸೇರಿಸ್ತೀನಿ. ಅಲ್ಲೀವರೆಗೆ ಯಾರಾದ್ರೂ ಬಾಯಿ ಬಿಟ್ರೆ, ಕದಿಯೋಕೆ ಭಟ್ಟಿಗೆ ನುಗ್ಗಿ ಸುಟ್ಕೊಂಡ ಅಂತ ಪೊಲೀಸಿಗೆ ಬರೆಸ್ತೀನಿ" ಎಂದ.

ಇವತ್ತು ಬೆಳಗ್ಗೆ ಅತ್ತಿಗೆ ಕಿಟಕಿಯ ಸರಳಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಈಗ ನೀರೂ ಕೇಳ್ತಿಲ್ಲ ಕಣೆ." ಆಗಿನಿಂದ ನನ್ನ ಜೀವ ಕೈಯಲ್ಲಿತ್ತು.

ಅಂಗಡಿಗೆ ಗಂಡಹೆಂಡತಿ ಬಂದರು. ಹೆಂಡತಿ ಒಂದೊಂದು ಮಗ್ಗನ್ನೂ ಎರಡು ಕೈಯಲ್ಲಿ ಹಿಡಿದು, ಕುಡಿಯುವ ಹಾಗೆ ತುಟಿಗೆ ತಂದು ನೋಡಿದಳು.

"ಮನೇಲಿ ಮಗ್ಗಿಗೇ ಒಂದು ಕಪಾಟಿದೆ. ಇನ್ನು ನಾನು ಮೆಟ್ಟಿಲ ಕೆಳಗೆ ಮಲಗ್ಬೇಕು ಅಷ್ಟೇ" ಎಂದ ಗಂಡ.

ಅವಳು ನಗುತ್ತ ಒಂದನ್ನು ಬೋರಲು ಮಾಡಿದಳು. "ಅಯ್ಯೋ, ಇದನ್ನ ನೋಡಿ! ಬುಡದಲ್ಲಿ ಒಣಗಿದ ಎಲೆ ಅಂಟಿದ ಹಾಗಿದೆ. ಗೆರೆ ಕೂಡ ಮೂಡಿದೆ."

"ಅದು ಬೆಂಕಿ ತಾನಾಗೇ ಬರೆಯೋ ಚಿತ್ರ ಮೇಡಂ" ಎಂದ ಮಾಲೀಕ. "ಬೇಕು ಅಂದ್ರೂ ಅಂಥದ್ದು ಇನ್ನೊಂದು ಸಿಗಲ್ಲ."

ಒಡೆಯದೆ ಉಳಿದ ಮಗ್ಗುಗಳನ್ನು ಬೆಳಗ್ಗೆ ಇಟ್ಟಿಗೆ ಚೂರಿನಿಂದ ಉಜ್ಜಿ ಉಜ್ಜಿ ತೊಳೆದವಳು ನಾನೇ. ಇದೊಂದು ಕಣ್ತಪ್ಪಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ನೀವೇ ಮಾಡಿದ್ದಾ? ಇದು ಹೇಗೆ ಬಂತು?" ಎಂದು ನನ್ನನ್ನು ಕೇಳಿದಳು. ಮಾಲೀಕನ ಬೆರಳುಗಳು ನನ್ನ ಹೆಗಲನ್ನು ಒತ್ತಿದವು. ಪೊಲೀಸಿನ ಹೆದರಿಕೆ, ಇವನ ಹೆದರಿಕೆ, ಅವೆಲ್ಲಕ್ಕಿಂತ ಸಂಜೆ ಬೀಗ ತೆಗೆದಾಗ ಏನು ಕಾಣಬೇಕೋ ಎಂಬ ಹೆದರಿಕೆ. ಸುಳ್ಳು ಹೇಳಬೇಕೆಂದೇ ಬಾಯಿ ತೆಗೆದೆ.

"ಅದು ನಮ್ಮಣ್ಣನ ಅಂಗೈ ಚರ್ಮ ಅಮ್ಮಾ."

ಅವಳು ಮಗ್ಗನ್ನು ತಟ್ಟನೆ ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ತಲೆ ಸರಿ ಇಲ್ಲ ಮೇಡಂ ಇದಕ್ಕೆ" ಎಂದು ಮಾಲೀಕ ನಕ್ಕ. "ಪಾಪ ಅಂತ ಕೆಲಸಕ್ಕಿಟ್ಕೊಂಡಿದೀನಿ."

"ಹೌದಾ, ಪಾಪ" ಎಂದಳು ಅವಳು. ಹೋದ ಜೀವ ಬಂದ ಹಾಗಾಯಿತು ಅವಳಿಗೆ. "ಇದು ಬೇಡ ಬಿಡಿ. ಆ ನೀಲಿದು ಕೊಡಿ."

ನೀಲಿ ಮಗ್ಗಿಗೆ ಚಾಚಿದ ಅವಳ ಮಣಿಕಟ್ಟನ್ನು ನಾನು ಹಿಡಿದುಬಿಟ್ಟೆ. "ಬನ್ನಿ ಅಮ್ಮಾ, ಇಲ್ಲೇ ಹಿಂದೆ. ಒಂದ್ಸಲ ನೋಡ್ಬಿಡಿ."

ಅವಳು ಕಿರುಚಿದಳು. ಗಂಡ ನನ್ನ ತೋಳಿನ ಮೇಲೆ ಕೊಡೆಯಿಂದ ಬಾರಿಸಿದ. "ಬಿಡೇ ಲೌಡಿ!" ಎಂದು ಮಾಲೀಕ ನುಗ್ಗಿ ಬಂದ, ಆದರೆ ಗಿರಾಕಿ ನನ್ನ ಕೈಯಲ್ಲಿರುವಾಗ ಅವನು ಕೈ ಎತ್ತುವ ಹಾಗಿರಲಿಲ್ಲ. ನಾನು ಅವಳನ್ನು ಅಂಗಡಿ ಟೆಂಟಿನ ಹಿಂದಿನ ಸಂದಿಯಿಂದ ಕಾರ್ಖಾನೆಯ ಆ ಕೋಣೆಯವರೆಗೆ ದರದರ ಎಳೆದುಕೊಂಡು ಹೋದೆ.

"ಅತ್ತಿಗೇ!" ಎಂದು ಬಾಗಿಲು ಬಡಿದೆ.

"ಶ್! ಮೆಲ್ಲಗೆ ಕಣೆ" ಎಂದಳು ಅತ್ತಿಗೆ ಒಳಗಿನಿಂದ. "ಈಗ್ತಾನೇ ನರಳೋದು ನಿಂತಿದೆ. ನಿದ್ದೆ ಹತ್ತಿದೆ ಅವರಿಗೆ."

ಕೊಸರಾಡುತ್ತಿದ್ದ ಹೆಂಗಸು ಕಿಟಕಿಯ ಕಡೆ ಕತ್ತು ಚಾಚಿದಳು.

ಭಟ್ಟಿಯ ಬಾಯಿ ಮುಚ್ಚುವ ಇಟ್ಟಿಗೆಗಳು ಅಲ್ಲೇ ಬಿದ್ದಿದ್ದವು. ಎತ್ತಲು ಎರಡೂ ಕೈ ಬೇಕಿತ್ತು. ಅವಳ ಕೈ ಬಿಟ್ಟೆ. ನಿಂತಳೋ, ಓಡಿದಳೋ, ತಿರುಗಿ ನೋಡಲಿಲ್ಲ. ಮಾಲೀಕನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಬೀಗದ ಮೇಲೆ ಒಂದು ಏಟು ಹಾಕಿದೆ.

"ಬೇಡ ಕಣೆ, ಎಚ್ಚರ ಆಗ್ಬಿಡುತ್ತೆ!" ಅತ್ತಿಗೆ ಅಳುತ್ತಿದ್ದಳು.

ಆಗಲಿ, ದೇವರೇ, ಎಚ್ಚರವಾಗಲಿ ಎನ್ನುತ್ತ ಇನ್ನೊಂದು ಏಟು ಹಾಕಿದೆ.