ಮುಳುಗಲೊಲ್ಲದ ಸೂರ್ಯ

ಅಕ್ಕನ ಚೊಚ್ಚಲ ಮಗುವನ್ನು ನೋಡಲೆಂದು ಆ ವರ್ಷದ ರಂಜಾನಿನಲ್ಲಿ ನಾನು, ಅಪ್ಪ, ಅಮ್ಮ ಕಾಸಾಬ್ಲಾಂಕಾದಿಂದ ಮಸ್ಕತ್ತಿಗೆ ಹಾರಿದೆವು. ಆರು ಸಾವಿರದ ನಾನೂರು ಕಿಲೋಮೀಟರ್ ದಾರಿ. ನಮ್ಮಪ್ಪ ಸಿ ಅಲ್ಲಾಲ್, ಅಗಾದಿರ್ ಊರಿನ ಬಸ್ಸು ಓಡಿಸಿಯೇ ಮುದುಕನಾದವನು. ವಿಮಾನ ಹತ್ತಿದ್ದು ಅದೇ ಮೊದಲು. ಪ್ರಯಾಣದಲ್ಲಿ ರೋಜಾ ಉಪವಾಸ ಹಿಡಿಯದಿದ್ದರೂ ನಡೆಯುತ್ತದೆ, ಆಮೇಲೆ ಹಿಡಿದು ತೀರಿಸಿದರಾಯಿತು ಎಂದು ಅಮ್ಮ ನಿಶ್ಚಿಂತೆಯಿಂದ ಊಟ ಮಾಡಿದಳು. ಅಪ್ಪ ಮಾತ್ರ ಮುಟ್ಟಲಿಲ್ಲ.

ಪೂರ್ವಕ್ಕೆ ಹಾರಿದರೆ ಸಂಜೆಯೇ ಎದುರು ಬರುತ್ತದೆ. ನಮ್ಮೂರಿನ ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನ ಮೂರು. ಕಿಟಕಿಯಾಚೆ ಆಗಲೇ ಕತ್ತಲು. ಅಪ್ಪ ಖರ್ಜೂರ ಬಾಯಿಗಿಟ್ಟುಕೊಂಡು ಅಮ್ಮನ ಕಡೆ ತಿರುಗಿದ.

“ನೋಡಿದ್ಯಾ ಲಲ್ಲಾ ತಾಮೂ, ನಿಯತ್ತಿರೋರಿಗೆ ದಿನಾನೇ ಗಿಡ್ಡ ಆಗತ್ತೆ.”

“ಆಗ್ಲಿ. ವಾಪಸ್ ಬರೋದು ಇನ್ನೂ ಇದೆಯಲ್ಲ,” ಅಂದಳು ಅಮ್ಮ.

ಮಸ್ಕತ್ತಿನಲ್ಲಿ ಅಳಿಯನ ನೆಂಟರಿಗೆಲ್ಲ ಅಪ್ಪ ಈ ಕಥೆ ಹೇಳಿದ್ದೇ ಹೇಳಿದ್ದು.

ಹಿಂದಿರುಗುವ ದಿನ ವಿಮಾನ ಏರಿದ್ದು ನಡುಮಧ್ಯಾಹ್ನ. ಈಗ ಸೂರ್ಯನ ಬೆನ್ನಟ್ಟಿ ಓಟ. ಎದುರುಗಾಳಿ ಇರುವುದರಿಂದ ಹೋಗುವಾಗ ಹಿಡಿದದ್ದಕ್ಕಿಂತ ಒಂದು ಗಂಟೆ ಹೆಚ್ಚೇ ಹಿಡಿಯುತ್ತದೆ ಎಂದು ಪೈಲಟ್ ಹೇಳಿದ. ಅಷ್ಟೇ ದಾರಿಗೆ ಹೆಚ್ಚು ಹೊತ್ತು ಯಾಕೆ, ನಡುವೆ ಎಲ್ಲೋ ಚಹಾಕ್ಕೆ ನಿಲ್ಲಿಸುತ್ತಾನೇನೋ ಎಂದು ಅಪ್ಪ ಗೊಣಗಿದ.

ಮಸ್ಕತ್ತಿನಲ್ಲಿ ಭಾವನ ಮನೆಯವರು ಸಂಜೆಯ ರೋಜಾ ಮುಗಿಸುವ ಹೊತ್ತೂ ಕಳೆಯಿತು. ನಮ್ಮ ಕಿಟಕಿಯಲ್ಲಿ ಸೂರ್ಯ ಗೂಟ ಹೊಡೆದವನಂತೆ ಕೂತಿದ್ದ. ಕಣ್ಣಿಗೆ ಕಾಣುವ ಸೂರ್ಯ ಮುಳುಗುವ ತನಕ ಹನಿ ನೀರೂ ಬೇಡವೆಂದು ಅಪ್ಪನ ಹಟ. ತುಟಿ ಒಣಗಿ ಮಾತು ನಿಂತಿತ್ತು. ನಾನು ಊಟ ಮುಗಿಸಿದೆ. ಆಗ ಅಪ್ಪನ ಕಣ್ಣು ಅಮ್ಮನ ಮುಂದಿದ್ದ ಮುಚ್ಚಿದ ತಟ್ಟೆಯ ಮೇಲೆ ಬಿತ್ತು.

“ನೀನ್ಯಾಕೆ ತಿಂದಿಲ್ಲ?”

“ನಂದೂ ರೋಜಾ.”

“ಹೋಗೋವಾಗ ತಿಂದ್ಯಲ್ಲ?”

“ಆವತ್ತು ನೀವು ಜಂಬದಲ್ಲೇ ಹೊಟ್ಟೆ ತುಂಬಿಸ್ಕೊಂಡಿದ್ರಿ. ಇವತ್ತು ಹೀಗೆ ಬಾಡಿ ಕೂತಿರೋರ ಪಕ್ಕ ನಂಗೆ ತುತ್ತು ಇಳಿಯತ್ತಾ?”

ಅಪ್ಪ ಅವಳ ಒಣಗಿದ ತುಟಿಯನ್ನೊಮ್ಮೆ ನೋಡಿದ. ಗಗನಸಖಿಯನ್ನು ಕರೆದು ಒಂದು ಲೋಟ ಹಾಲು ಕೇಳಿದ. ಸೂರ್ಯನ ಮುಖಕ್ಕೆ ಕಿಟಕಿಯ ಮರೆ ಎಳೆದು, ಅರ್ಧ ತಾನು ಕುಡಿದು, ಉಳಿದದ್ದನ್ನು ಅವಳ ಕೈಗಿತ್ತ.

“ಈಗ ನಾನೂ ಪ್ರಯಾಣಿಕ. ಕುಡಿ.”

ಅಮ್ಮ ಕುಡಿದಳು. ಆಮೇಲೆ ಒಂದೇ ತಟ್ಟೆಯಲ್ಲಿ ಇಬ್ಬರೂ ಅನ್ನದ ಅಗುಳೂ ಬಿಡದೆ ತಿಂದರು. ಹಬ್ಬ ಮುಗಿದ ಮೇಲೆ ಈ ರೋಜಾವನ್ನು ಇಬ್ಬರೂ ಒಟ್ಟಿಗೇ ತೀರಿಸೋಣ, ಆದರೆ ನೆಲದ ಮೇಲೆ ಕೂತು, ಎಂದು ಮಾತಾಯಿತು.

ಕಾಸಾಬ್ಲಾಂಕಾದಲ್ಲಿ ಇಳಿದಾಗಲೂ ಬಿಸಿಲಿತ್ತು. ಚಿಕ್ಕಪ್ಪನ ಮನೆ ಮುಟ್ಟುವಷ್ಟರಲ್ಲಿ ಸಂಜೆಯ ಅಜಾನ್ ಕೇಳಿಸಿತು. ಇಷ್ಟು ಉದ್ದದ ರೋಜಾ ಹಿಡಿದ ಗಂಡು ನಮ್ಮ ಮನೆತನದಲ್ಲೇ ಇಲ್ಲ ಎಂದು ಹೊಗಳುತ್ತ ಚಿಕ್ಕಪ್ಪ ಮೊದಲ ಬಟ್ಟಲು ಹರೀರಾ ಸಾರನ್ನು ಅಣ್ಣನಿಗೇ ಕೊಟ್ಟ. ಅಪ್ಪ ತಲೆ ತಗ್ಗಿಸಿ ಕುಡಿದ. ಅಮ್ಮ ಮುಖದಲ್ಲಿ ಏನೂ ತೋರಿಸದೆ ಇನ್ನೊಂದು ಸೌಟು ಬಡಿಸಿದಳು.